‘2-5’ ಎಂದರೆ ಎಷ್ಟು ಮಳೆ? ವೈಜ್ಞಾನಿಕ ತಂತ್ರಾಂಶದ ಬಾಗಿಲಲ್ಲಿ ದತ್ತಾಂಶದ ತಪಾಸಣೆ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವುದು ಹಳೆಯ ರೂಢಿ. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಅಳೆದರೂ ಇಲ್ಲಿನ ಮಾತು ಇಂದಿಗೂ ಇಂಚು, ಸೆಂಟುಗಳಲ್ಲೇ ನಡೆಯುತ್ತದೆ; ಇಂಚಿಗೆ ನೂರು ಸೆಂಟ್. ಕಾಫಿ ಹೂ ಅರಳಿಸುವ ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟ್ ಬಿತ್ತೆಂದರೆ ಮಡಿಕೇರಿಯಲ್ಲಾಗಲಿ ಪೊನ್ನಂಪೇಟೆಯಲ್ಲಾಗಲಿ ಬೆಳೆಗಾರರಿಗೆ ವಿವರಣೆ ಬೇಕಾಗುವುದಿಲ್ಲ. ಆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಲು ಕುಳಿತಾಗ ಮಾತ್ರ ತೊಡಕು ಶುರುವಾಗುತ್ತದೆ. ಒಂದು ದಿನದ ಎದುರು ‘2-5’ ಎಂದಿದೆಯೆನ್ನಿ. ಬರೆದವರ ಮನಸ್ಸಿನಲ್ಲಿದ್ದದ್ದು ಎರಡು ಇಂಚು ಐದು ಸೆಂಟ್, ಅಂದರೆ 52.07 ಮಿ.ಮೀ. ನಕಲು ಮಾಡುವವರು ಅದನ್ನು 2.5 ಎಂದು ತಿಳಿದರೆ 63.5 ಮಿ.ಮೀ. ಆಗುತ್ತದೆ. ಬರೆದಂತೆಯೇ ಎಕ್ಸೆಲ್‌ಗೆ ಹಾಕಿದರೆ ಅದು ಮಳೆಯೇ ಅಲ್ಲ, ಮೇ 2ನೇ ತಾರೀಖು.

ಒಳಬರುವ ದತ್ತಾಂಶ ಯಾವ ಬಗೆಯದು (ಪೂರ್ಣಾಂಕವೇ, ದಶಮಾಂಶವೇ, ಪಠ್ಯವೇ), ಅದನ್ನು ಯಾರು ಹೇಳಬೇಕು, ಯಾರು ಪರೀಕ್ಷಿಸಬೇಕು ಎಂಬ ಪ್ರಶ್ನೆಗೆ ವೈಜ್ಞಾನಿಕ ಗಣನೆಯಷ್ಟೇ ವಯಸ್ಸು. ಐಬಿಎಂನಲ್ಲಿ ಜಾನ್ ಬ್ಯಾಕಸ್ ಅವರ ತಂಡ 1957ರಲ್ಲಿ ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ ಬಗೆಯನ್ನು ಘೋಷಿಸಬೇಕಿರಲಿಲ್ಲ. ಹೆಸರಿನ ಮೊದಲ ಅಕ್ಷರವೇ ಅದನ್ನು ನಿರ್ಧರಿಸುತ್ತಿತ್ತು. ಐ ಇಂದ ಎನ್ ವರೆಗಿನ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಹೆಸರುಗಳು ಪೂರ್ಣಾಂಕ, ಉಳಿದವು ದಶಮಾಂಶ ಸಂಖ್ಯೆ. ಕನ್ನಡದ ಪ್ರೋಗ್ರಾಮರ್ ಒಬ್ಬರು ತಮ್ಮ ಚರಕ್ಕೆ ‘ಮಳೆ’ ಎಂದು ಹೆಸರಿಟ್ಟಿದ್ದರೆ, ಅದು ಎಂ ಅಕ್ಷರದಿಂದ ಆರಂಭವಾಗುವ ಕಾರಣಕ್ಕೇ 2.75 ಇಂಚು ಸದ್ದಿಲ್ಲದೆ 2 ಆಗಿಬಿಡುತ್ತಿತ್ತು. ಇಂಗ್ಲಿಷಿನ ‘ರೇನ್’ ಎಂದು ಕರೆದಿದ್ದರೆ ಮುಕ್ಕಾಲು ಇಂಚು ಉಳಿಯುತ್ತಿತ್ತು. ಘೋಷಿಸದ ಹೆಸರನ್ನು ಒಪ್ಪಲೇಬೇಡ ಎಂದು ಕಂಪೈಲರಿಗೆ (ಪ್ರೋಗ್ರಾಮನ್ನು ಗಣಕದ ಭಾಷೆಗೆ ತರುವ ತಂತ್ರಾಂಶಕ್ಕೆ) ಹೇಳುವ ‘ಇಂಪ್ಲಿಸಿಟ್ ನನ್’ ಎಂಬ ಸಾಲು ಅಧಿಕೃತ ಮಾನಕಕ್ಕೆ ಸೇರಿದ್ದು ಫೋರ್ಟ್ರಾನ್ 90ರಲ್ಲಿ.

ಅದಕ್ಕಿಂತ ಕೆಟ್ಟದ್ದು ಖಾಲಿ ಜಾಗದ ಪಾಡು. ರಟ್ಟಿನ ಕಾರ್ಡಿನಲ್ಲಿ ತೂತು ಕೊರೆದು ದತ್ತಾಂಶ ಕೊಡುತ್ತಿದ್ದ ಪಂಚ್ ಕಾರ್ಡಿನ ಕಾಲದ ಫೋರ್ಟ್ರಾನ್, ಅಂಕಿಗೆ ಮೀಸಲಾದ ಅಂಕಣದಲ್ಲಿ ಖಾಲಿ ಕಂಡರೆ ಸೊನ್ನೆ ಎಂದು ಓದುತ್ತಿತ್ತು. ಅಂಕಣದ ಎಡಕ್ಕೆ ಸರಿದು ಕೂತ 25ರ ಬಲಕ್ಕೆ ಒಂದು ಜಾಗ ಖಾಲಿ ಉಳಿದರೆ ಅದು 250 ಆಗುತ್ತಿತ್ತು. 1977ರ ಆವೃತ್ತಿ ಇದನ್ನು ಸರಿಪಡಿಸುವ ದಾರಿ ಕೊಟ್ಟಿತಾದರೂ, ಪೂರ್ತಿ ಖಾಲಿಯಿದ್ದ ಅಂಕಣದ ಬೆಲೆ ಮಾತ್ರ ಸೊನ್ನೆಯಾಗಿಯೇ ಉಳಿಯಿತು. ಮಳೆ ಬೀಳದ ದಿನಕ್ಕೂ ಮಳೆ ಅಳೆಯದ ದಿನಕ್ಕೂ ಇರುವ ಅಂತರ ಅಲ್ಲಿಗೆ ಅಳಿಸಿಹೋಗುತ್ತದೆ. ಅಳೆಯದ ದಿನಗಳು ಸಾಮಾನ್ಯವಾಗಿ ಬಿಸಿಲಿನ ದಿನಗಳಲ್ಲ. ಮಾಪಕ ತುಂಬಿ ಹರಿದ, ಅಂಗಳಕ್ಕೆ ಕಾಲಿಡಲಾಗದ ಆಟಿ ತಿಂಗಳ ದಿನಗಳು.

ಇದಕ್ಕೆ ಪರಿಹಾರವೆಂದು ಬಂದದ್ದು −999 ಅಥವಾ −9999 ಎಂಬ ಸಂಕೇತ. ಜಾಗತಿಕ ದೈನಿಕ ಹವಾಮಾನ ಕಡತಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ಓದುವ ತಂತ್ರಾಂಶಕ್ಕೆ ಸಂಕೇತದ ಅರ್ಥ ಗೊತ್ತಿಲ್ಲದಿದ್ದರೆ, 900 ಮಿ.ಮೀ. ಮಳೆಯ ತಿಂಗಳಿಗೆ ಒಂದೇ ಒಂದು −999 ಸೇರಿದಾಗ ಮೊತ್ತ −99 ಬರುತ್ತದೆ. ಋಣ ಚಿಹ್ನೆ ಕಂಡವರು ಎಚ್ಚೆತ್ತುಕೊಳ್ಳುತ್ತಾರೆ. ಆದರೆ 1,500 ಮಿ.ಮೀ. ಸುರಿದ ತಿಂಗಳಿನಲ್ಲಿ ಉತ್ತರ 501 ಎಂದು ಬರುತ್ತದೆ, ಅದನ್ನು ಯಾರೂ ಸಂಶಯಿಸುವುದಿಲ್ಲ. ಗಣಕದಲ್ಲಿ ದಶಮಾಂಶ ಸಂಖ್ಯೆಗಳ ರೂಪವನ್ನು ಗೊತ್ತುಮಾಡುವ 1985ರ ಐಇಇಇ 754 ಮಾನಕ ‘ಸಂಖ್ಯೆಯಲ್ಲ’ ಎಂಬ ಅರ್ಥದ ನ್ಯಾನ್ ಬೆಲೆಯನ್ನು ನಿಗದಿಪಡಿಸಿದ ಮೇಲೆ ಈ ವಂಚನೆ ಕಡಿಮೆಯಾಯಿತು, ಏಕೆಂದರೆ ನ್ಯಾನ್ ಸೇರಿದ ಮೊತ್ತವೂ ನ್ಯಾನ್ ಆಗಿ ತನ್ನನ್ನು ತಾನೇ ಬಯಲಿಗೆಳೆಯುತ್ತದೆ. ಆದರೆ ಆ ಸವಲತ್ತು ದಶಮಾಂಶ ಸಂಖ್ಯೆಗಳಿಗೆ ಮಾತ್ರ; ಪೂರ್ಣಾಂಕಕ್ಕೆ ಅಂಥ ಬೆಲೆ ಇಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಸಿದ್ಧ ತಂತ್ರಾಂಶದ ಕಟ್ಟಾದ ಪಾಂಡಾಸ್ ಗ್ರಂಥಾಲಯದಲ್ಲಿ ಒಂದು ದಿನದ ಲೆಕ್ಕ ಬಿಟ್ಟುಹೋದರೆ ಇಡೀ ಪೂರ್ಣಾಂಕ ಕಂಬಸಾಲು ದಶಮಾಂಶವಾಗಿ ಬದಲಾಗುತ್ತಿತ್ತು, 2019ರಲ್ಲಿ ಖಾಲಿಯನ್ನು ಒಪ್ಪುವ ಪೂರ್ಣಾಂಕದ ಬಗೆ ಬರುವವರೆಗೆ ಅದಕ್ಕೆ ಬೇರೆ ಉಪಾಯವಿರಲಿಲ್ಲ.

ಬಗೆಯನ್ನು ಕಟ್ಟುನಿಟ್ಟಾಗಿ ಘೋಷಿಸುವ ಭಾಷೆ ಬಳಸಿದರೆ ಸಾಕೆಂಬ ನಂಬಿಕೆಗೆ 1996ರ ಜೂನ್ 4ರಂದು ಪೆಟ್ಟು ಬಿತ್ತು. ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟದಲ್ಲಿ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದು 16 ಬಿಟ್ ಪೂರ್ಣಾಂಕದಲ್ಲಿ ಹಿಡಿಸದೆ ಮಾರ್ಗದರ್ಶಿ ಗಣಕಗಳು ನಿಂತುಹೋದವು, ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ ಸಿಡಿಯಿತು. ತಂತ್ರಾಂಶ ಬರೆದದ್ದು ಬಗೆಯ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ಏಡಾ ಭಾಷೆಯಲ್ಲೇ. ಆದರೆ ಗಣಕದ ಹೊರೆ ತಗ್ಗಿಸಲು ಕೆಲವು ಪರಿವರ್ತನೆಗಳಿಗೆ ರಕ್ಷಣೆ ಇಟ್ಟಿರಲಿಲ್ಲ. ಏರಿಯಾನ್ 4ರ ಪಥದಲ್ಲಿ ಆ ಬೆಲೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ನಮ್ಮ ಲೆಕ್ಕಕ್ಕೂ ಇದು ದೂರದ ಮಾತಲ್ಲ. 16 ಬಿಟ್ ಪೂರ್ಣಾಂಕದ ಗರಿಷ್ಠ ಮಿತಿ 32,767. ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ಘಟಕವಾಗಿಟ್ಟು ಭಾಗಮಂಡಲದ ಕಡೆಯ 200 ಇಂಚಿನ ವರ್ಷವನ್ನು ಅದರಲ್ಲಿ ಕೂಡುತ್ತ ಹೋದರೆ, 50,800 ಬರಬೇಕಾದಲ್ಲಿ ಅಂಕಿ ಸುತ್ತು ಹೊಡೆದು −14,736 ಎನ್ನುತ್ತದೆ. ಬಯಲುಸೀಮೆಯ ಮಳೆಯ ಮೇಲೆ ಪರೀಕ್ಷಿಸಿದ ತಂತ್ರಾಂಶದಲ್ಲಿ ಈ ದೋಷ ಎಂದೂ ಕಾಣದೆ ಇರಬಹುದು.

ಘಟಕದ ಗೊಂದಲವೂ ಇದೇ ಸಂಸಾರಕ್ಕೆ ಸೇರಿದ್ದು. 1999ರಲ್ಲಿ ಮಂಗಳದ ಬಳಿ ನಾಸಾದ ನೌಕೆ ಕಳೆದುಹೋದದ್ದು ಪೌಂಡ್ ಲೆಕ್ಕದ ಅಂಕಿಯನ್ನು ನ್ಯೂಟನ್ ಎಂದು ಓದಿದ್ದರಿಂದ. ಅಂಕಿಯ ಬಗೆ ಎರಡೂ ಕಡೆ ಒಂದೇ ಆಗಿತ್ತು.

ಪೈಥಾನ್ ಪ್ರಚಾರಕ್ಕೆ ಬಂದ ಮೇಲೆ ಕಥೆ ಮತ್ತೆ ಹಿಂದಕ್ಕೆ ತಿರುಗಿದಂತೆ ನನಗೆ ಕಾಣುತ್ತದೆ. ಬಗೆಯ ಘೋಷಣೆ ಬೇಡವೆಂಬ ಸಡಿಲತೆಯೇ ವಿಜ್ಞಾನಿಗಳನ್ನು ಸೆಳೆಯಿತು. ಅದರ ಬೆಲೆಯೂ ಸಣ್ಣದಲ್ಲ: ಪೈಥಾನಿನ ಗಣಿತ ಗ್ರಂಥಾಲಯ ನಮ್‌ಪೈಯ ಪೂರ್ಣಾಂಕ ಸರಣಿಯೊಳಗೆ 2.9 ಇಟ್ಟರೆ ಅದು ಮಾತಿಲ್ಲದೆ 2 ಆಗುತ್ತದೆ. ಮಳೆಯ ಕಂಬಸಾಲಿನಲ್ಲಿ ಒಂದು ಕಡೆ ‘ನಿಲ್’ ಎಂದಿದ್ದರೆ ಪಾಂಡಾಸ್ ಇಡೀ ಕಂಬಸಾಲನ್ನು ಪಠ್ಯವೆಂದು ಓದುತ್ತದೆ. 2015ರ ಪೈಥಾನ್ 3.5 ಬಗೆಯ ಸೂಚನೆಗಳಿಗೆ ಕ್ರಮಬದ್ಧ ರೂಪ ಕೊಟ್ಟಿತು, ಆದರೆ ಪ್ರೋಗ್ರಾಂ ಓಡುವಾಗ ಭಾಷೆ ಅವನ್ನು ಜಾರಿಗೊಳಿಸುವುದಿಲ್ಲ. ಆ ಸೂಚನೆಗಳನ್ನೇ ಹಿಡಿದು ತಪಾಸಣೆ ನಡೆಸುವ ಪೈಡಾಂಟಿಕ್ ಗ್ರಂಥಾಲಯ ಮೊದಮೊದಲು ಉದಾರಿಯಾಗಿತ್ತು: ಪೂರ್ಣಾಂಕ ಕೇಳಿದ ಕಡೆ 2.5 ಕೊಟ್ಟರೆ 2 ಎಂದು ಒಪ್ಪುತ್ತಿತ್ತು. 2023ರ ಎರಡನೇ ಆವೃತ್ತಿ ಅದನ್ನು ತಪ್ಪೆಂದು ತಿರುಗಿಸಿ ಕಳಿಸುತ್ತದೆ. ಅದೇ ವರ್ಷ ಪಾಂಡಾಸ್ 2.0 ತಾರೀಖಿನ ಹಳೆಯ ಚಾಳಿಯೊಂದನ್ನು ಬಿಟ್ಟಿತು. ಅಲ್ಲಿಯವರೆಗೆ, ಕ್ರಮ ತಿಳಿಸದಿದ್ದರೆ, ಅದು 12-08-2018ನ್ನು ಡಿಸೆಂಬರ್ 8 ಎಂದೂ ಮರುದಿನದ 13-08-2018ನ್ನು ಆಗಸ್ಟ್ 13 ಎಂದೂ ಒಂದೇ ಕಂಬಸಾಲಿನಲ್ಲಿ ಓದಬಲ್ಲದಾಗಿತ್ತು. ಕೊಡಗಿನ ಗುಡ್ಡಗಳು ಕುಸಿದ ಆ ಆಗಸ್ಟಿನ ಮಳೆ ಹೇಗೆ ಕೂಡುತ್ತ ಬಂತೆಂದು ನೋಡಹೊರಟವರಿಗೆ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಹನ್ನೊಂದು ದಿನಗಳು ಇಡೀ ವರ್ಷದ ತುಂಬ ಚದುರಿಹೋಗಿ, 8ನೇ ತಾರೀಖು ಮಾತ್ರ ಸ್ವಸ್ಥಾನದಲ್ಲಿ ಉಳಿಯುತ್ತಿತ್ತು.

ತಪಾಸಣೆ ಎಲ್ಲಿ ನಡೆಯಬೇಕೆಂಬ ವಾದ ಮುಗಿದಿಲ್ಲ. ಪ್ರೋಗ್ರಾಮಿನ ಪ್ರತಿ ಕಾರ್ಯವೂ (ಫಂಕ್ಷನ್) ತನಗೆ ಬಂದದ್ದನ್ನು ಪರೀಕ್ಷಿಸಿದರೆ ಗಣನೆ ನಿಧಾನವಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕಾಫಿ ಕೊಳ್ಳುವವರು ಚೀಲ ಇಳಿಸುವ ಮೊದಲೇ ಮಾದರಿ ತೆಗೆದು ತೇವಾಂಶ, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ನೋಡುತ್ತಾರೆ. ರಾಶಿಗೆ ಸುರಿದ ಮೇಲೆ ಯಾರ ಚೀಲ ಯಾವುದೆಂದು ಹುಡುಕುವಂತಿಲ್ಲ. ದತ್ತಾಂಶಕ್ಕೂ ಕಡತ ಓದುವ ಹೊಸ್ತಿಲೇ ತಕ್ಕ ಜಾಗವೆಂಬುದು ನನ್ನ ಅಭಿಪ್ರಾಯ. ಅಲ್ಲಿ ‘2-5’ ಕಂಡರೆ ತಂತ್ರಾಂಶ ಊಹಿಸಬಾರದು. ಬರೆದ ಪಠ್ಯವನ್ನು ಹಾಗೆಯೇ ಒಂದು ಕಂಬಸಾಲಿನಲ್ಲಿ ಉಳಿಸಿಕೊಂಡು, ಇಂಚು ಸೆಂಟುಗಳನ್ನು ಎರಡು ಬೇರೆ ಪೂರ್ಣಾಂಕಗಳಾಗಿ ಕೇಳಬೇಕು, ಸೆಂಟ್ 99 ದಾಟಿದರೆ ನಿರಾಕರಿಸಬೇಕು.

ಇಂಚಿನ ಮಿತಿಯೇ ಕಠಿಣ. ದಿನಕ್ಕೆ ಹತ್ತು ಇಂಚೆಂದು ಗೆರೆ ಎಳೆದರೆ ನಿಜವಾದ ಮಹಾಮಳೆಯ ದಿನವೇ ತಪ್ಪು ದಾಖಲೆಯೆಂದು ಹೊರಬೀಳುತ್ತದೆ. ಆದ್ದರಿಂದ ನಿರಾಕರಣೆಯ ಗೆರೆಯನ್ನು 1966ರಲ್ಲಿ ರಿಯೂನಿಯನ್ ದ್ವೀಪದಲ್ಲಿ 24 ಗಂಟೆಗಳಲ್ಲಿ ಬಿದ್ದ 1,825 ಮಿ.ಮೀ.ಯ ವಿಶ್ವದಾಖಲೆಯ ಹತ್ತಿರ ಇಡಬೇಕು. ಹತ್ತು ಇಂಚು ದಾಟಿದ್ದಕ್ಕೆ ಪಕ್ಕದಲ್ಲೊಂದು ಗುರುತು ಹಾಕಿ, ಅಂಕಿಯನ್ನು ಮುಟ್ಟದೆ, ಮೂಲ ಪುಸ್ತಕವನ್ನು ಮತ್ತೊಮ್ಮೆ ತೆರೆದು ನೋಡುವಂತೆ ಕೇಳಿದರಾಯಿತು.