ಬಯಲುಸೀಮೆಯ ಕೆನ್ನೆಗೆ ಕಡಲಾಳದ ಲೋಳೆ

ವಿಜಯಪುರದಲ್ಲಿ ಕುಳಿತು ಮೊಬೈಲ್‌ನಲ್ಲಿ ತರಿಸಿಕೊಂಡ, ಮುಖಕ್ಕೆ ಹಚ್ಚುವ ಸೀರಮ್ ಬಾಟಲಿಯ ಬೆನ್ನು ತಿರುಗಿಸಿ ನೋಡಿ. ‘ಸೂಡೋಆಲ್ಟೆರೊಮೊನಾಸ್ ಫರ್ಮೆಂಟ್ ಎಕ್ಸ್‌ಟ್ರ್ಯಾಕ್ಟ್’ (ಬ್ಯಾಕ್ಟೀರಿಯಾ ಹುದುಗಿಸಿ ತೆಗೆದ ಸಾರ) ಎಂದಿದ್ದರೆ ಅದರ ಮೂಲ ಕಡಲ ಬ್ಯಾಕ್ಟೀರಿಯಾ, ಕೆಲವು ತಳಿಗಳು ಅಂಟಾರ್ಕ್ಟಿಕದವು. ‘ಆಲ್ಟೆರೊಮೊನಾಸ್’ ಎಂದಿದ್ದರೆ ಅದರ ದಾಯಾದಿ. ಈ ದಾಯಾದಿಯ ಕೆಲವು ತಳಿಗಳು ಸಿಕ್ಕಿದ್ದು ಸಾಗರತಳದ ಬಿಸಿನೀರ ಬುಗ್ಗೆಗಳ ಬಳಿ. ಅಂಥ ಬುಗ್ಗೆಗಳು ಮನುಷ್ಯನ ಕಣ್ಣಿಗೆ ಬಿದ್ದದ್ದೇ 1977ರಲ್ಲಿ, ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಸಮೀಪ.

ಹಾಗೆಂದು ಬಾಟಲಿಯಲ್ಲಿ ಸಮುದ್ರವೇನೂ ಇಲ್ಲ. ಒಮ್ಮೆ ತಂದ ತಳಿಯನ್ನು ಕಾರ್ಖಾನೆಯ ತೊಟ್ಟಿಯಲ್ಲಿ ಸಕ್ಕರೆ, ಲವಣ ಉಣಿಸಿ ಬೆಳೆಸುತ್ತಾರೆ. ನೆನೆದ ಕಾಮಕಸ್ತೂರಿ ಬೀಜದ ಸುತ್ತ ಕಟ್ಟುವಂಥ ಲೋಳೆಯನ್ನು ಅದು ಒಸರುತ್ತದೆ. ಆ ಲೋಳೆ ನಮಗೆ. ಜೀವಕೋಶಗಳನ್ನು ಸೋಸಿ ತೆಗೆಯುತ್ತಾರೆ. ಸೋಂಕಿನ ಭಯ ಬೇಡ.

ಲೋಳೆಯ ಕೆಲಸ ನೀರು ಹಿಡಿದಿಡುವುದು. 500 ಡಾಲ್ಟನ್ (ಅಣುವಿನ ತೂಕದ ಅಳತೆ) ಮೀರಿದ ಅಣುಗಳು ಆರೋಗ್ಯವಂತ ಚರ್ಮದೊಳಗೆ ಇಳಿಯುವುದು ಕಷ್ಟ. ಲೋಳೆಯ ಅಣುಗಳು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಸುಕ್ಕನ್ನು ಬುಡಸಮೇತ ಕೀಳುತ್ತದೆ ಎಂಬ ಜಾಹೀರಾತನ್ನು ನಾನಂತೂ ನಂಬುವುದಿಲ್ಲ. ನಮ್ಮ ಚಳಿಗಾಲದ ಒಣಗಾಳಿಗೆ ಈ ತೆಳುಪದರ ಒಂದೇ ಸಾಲದು, ಮೇಲೊಂದಿಷ್ಟು ಎಣ್ಣೆಯಂಶದ ಕ್ರೀಮ್ ಬೇಕು.

ಸಾಮಾನ್ಯವಾಗಿ ಶೇ 1ರಿಂದ 5ರಷ್ಟು ಬೆರೆಸುತ್ತಾರೆ. ಈ ಪ್ರಮಾಣದಲ್ಲಿ ಹೆಚ್ಚಿನವರಿಗೆ ತೊಂದರೆಯಾಗದು. ಉರಿ, ತುರಿಕೆ ಬಂದರೆ ಮೊದಲು ಸುಗಂಧದ್ರವ್ಯವನ್ನೂ ಸಂರಕ್ಷಕವನ್ನೂ ಅನುಮಾನಿಸಿ. ಹೊಸದನ್ನು ವಾರ, ಹತ್ತು ದಿನ ಮೊಣಕೈ ಒಳಮಡಿಕೆಗೆ ಹಚ್ಚಿ ನೋಡುವುದು ಒಳ್ಳೆಯದು. ಹಾಗಂತ ಸಂರಕ್ಷಕವೇ ಇಲ್ಲವೆಂದು ಹೆಮ್ಮೆಪಡುವ ನೀರುನೀರಾದ ಸೀರಮ್ ಕೊಳ್ಳಬೇಡಿ. ಸಕ್ಕರೆಯಂಥ ಈ ಲೋಳೆ ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಹಬ್ಬದೂಟ. ಕಚ್ಚಾ ದ್ರವ ತರಿಸಿ ಅಡುಗೆಮನೆಯಲ್ಲಿ ಬೆರೆಸುವವರು ಎಡವುವುದು ಇಲ್ಲಿಯೇ.

ಬಾಟಲಿಯ ಮೇಲಿನ ಪದಾರ್ಥಗಳ ಪಟ್ಟಿಯ ಕ್ರಮವನ್ನೂ ಗಮನಿಸಿ. ಶೇ 1ಕ್ಕಿಂತ ಹೆಚ್ಚಿರುವ ವಸ್ತುಗಳನ್ನು ಪ್ರಮಾಣದ ಇಳಿಕೆಯಂತೆ ಬರೆಯಬೇಕು, ಉಳಿದವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಫರ್ಮೆಂಟ್ ಹೆಸರು ಫಿನಾಕ್ಸಿಎಥನಾಲ್‌ನ ಹಿಂದೆ ಇದ್ದರೆ, ಆ ಸಂರಕ್ಷಕಕ್ಕೆ ಶೇ 1ರ ಮಿತಿ ಇರುವುದರಿಂದ, ಸಿಕ್ಕಿರುವುದು ಹನಿಯಷ್ಟೇ ಎಂದು ಊಹಿಸಬಹುದು.

ಇನ್ನು ಬಿಸಿಲು. ತಯಾರಿಕೆಯಲ್ಲಿ ಇಂಥ ದ್ರವಗಳನ್ನು, ಬಿಸಿಗೆ ಕೆಡದಿರಲೆಂದು, ಮಿಶ್ರಣ ಸುಮಾರು 40 ಡಿಗ್ರಿಗಿಂತ ತಣಿದ ಮೇಲೆ ಸೇರಿಸುವುದು ವಾಡಿಕೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ನೆರಳೇ ಆ ಗಡಿ ದಾಟುತ್ತದೆ. ಕಿಟಕಿಯ ಕಟ್ಟೆ, ನಿಂತ ಕಾರಿನ ಮಾತಂತೂ ಕೇಳಲೇಬೇಡಿ. ಬಾಟಲಿ ನಡುಮನೆಯ ಕಪಾಟಿನಲ್ಲಿರಲಿ, ವಾಸನೆಯೋ ಬಣ್ಣವೋ ಬದಲಾದರೆ ಎಷ್ಟೇ ದುಬಾರಿಯಾಗಿದ್ದರೂ ಎಸೆಯಿರಿ.