ಬಾಗಿದ ರೆಕ್ಕೆಯ ಮೇಲೊಂದು ಬೇಲಿ

ರಸ್ತೆ ಹಂಪನ್ನು ನೇರವಾಗಿ ಹತ್ತಿಸಿದರೆ ಕೆಲವು ಕಾರುಗಳ ತಳ ಉಜ್ಜುತ್ತದೆ. ಅದಕ್ಕೇ ಸ್ಟೇರಿಂಗ್ ತಿರುಗಿಸಿ ಓರೆಯಾಗಿ ಹತ್ತಿಸುತ್ತಾರೆ. ಹಂಪು ಅದೇ, ಏರು ಮಾತ್ರ ನಿಧಾನ. ಸೋವಿಯತ್ ಯುದ್ಧ ವಿಮಾನ ಮಿಗ್-15ರ ರೆಕ್ಕೆ ಗಾಳಿಯನ್ನು ದಾಟಿಸುತ್ತಿದ್ದುದೂ ಹೆಚ್ಚುಕಡಿಮೆ ಹೀಗೇ.

ರೆಕ್ಕೆಯ ಉಬ್ಬಿದ ಮೇಲ್ಭಾಗ ದಾಟುವಾಗ ಗಾಳಿ ವಿಮಾನಕ್ಕಿಂತ ಜೋರಾಗಿ ಓಡುತ್ತದೆ. ಹಾಗಾಗಿ ವಿಮಾನಕ್ಕಿಂತ ಮೊದಲೇ ಅಲ್ಲಿನ ಗಾಳಿ ಶಬ್ದದ ವೇಗ ಮುಟ್ಟಿಬಿಡುತ್ತದೆ. ಆಘಾತ ಅಲೆ ಏಳುತ್ತದೆ, ವಿಮಾನವನ್ನು ಹಿಂದಕ್ಕೆಳೆಯುವ ಬಲ ಒಮ್ಮೆಲೇ ಏರುತ್ತದೆ. ರೆಕ್ಕೆಯನ್ನು 35 ಡಿಗ್ರಿ ಹಿಂದಕ್ಕೆ ಬಾಗಿಸಿದರೆ? ವಿಮಾನ ಗಂಟೆಗೆ 1000 ಕಿ.ಮೀ. ಓಡಿದರೂ ರೆಕ್ಕೆಗೆ ಅಡ್ಡಲಾಗಿ ತಾಗುವ ಗಾಳಿಯ ವೇಗ ಸುಮಾರು 820 ಅಷ್ಟೇ. ಜರ್ಮನಿಯ ಅಡಾಲ್ಫ್ ಬುಸೆಮನ್ ಇದನ್ನು 1935ರಲ್ಲೇ ರೋಮಿನ ಸಮ್ಮೇಳನದಲ್ಲಿ ಹೇಳಿದ್ದರು. ಆಗಿನ್ನೂ ಪ್ರೊಪೆಲ್ಲರ್ ಕಾಲ, ಯಾರಿಗೆ ಬೇಕಿತ್ತು!

ಆದರೆ ಇನ್ನೊಂದಷ್ಟು ಗಾಳಿ ರೆಕ್ಕೆಯ ಉದ್ದಕ್ಕೂ ತುದಿಯತ್ತ ಜಾರುತ್ತದೆ ನೋಡಿ, ತಲೆನೋವು ಅಲ್ಲೇ. ರೆಕ್ಕೆಗೆ ಅಂಟಿಕೊಂಡ ನಿಧಾನದ ಗಾಳಿಯೆಲ್ಲ ತುದಿಗೆ ಹೋಗಿ ಗುಡ್ಡೆಯಾಗುತ್ತದೆ. ವೇಗ ಇಳಿದಾಗ ತುದಿಯೇ ಮೊದಲು ಎತ್ತುವ ಬಲ ಕಳೆದುಕೊಳ್ಳುತ್ತದೆ. ವಿಮಾನವನ್ನು ಎಡಬಲ ವಾಲಿಸುವ ಪಟ್ಟಿಗಳು ಇರುವುದೂ ಅಲ್ಲೇ, ಹಾಗಾಗಿ ಹಿಡಿತವೂ ತಪ್ಪುತ್ತದೆ. ಇದಕ್ಕೆ ಮಿಗ್ ವಿನ್ಯಾಸಕರು ಕಂಡುಕೊಂಡ ಮದ್ದು ಸರಳ. ಒಂದೊಂದು ರೆಕ್ಕೆಯ ಮೇಲೂ ಎರಡೆರಡು ತಗಡಿನ ಬೇಲಿ. ಗದ್ದೆಯ ಬದು ನೀರು ತಡೆದ ಹಾಗೆ ಅವು ಜಾರುವ ಗಾಳಿಯನ್ನು ತಡೆಯುತ್ತವೆ.

1947ರ ಡಿಸೆಂಬರ್ 30ರಂದು ಮೊದಲ ಮಾದರಿ ಹಾರಿತು. ಒಳಗಿದ್ದದ್ದು ಬ್ರಿಟನ್ ಮಾರಿದ ರೋಲ್ಸ್‌ರಾಯ್ಸ್ ನೀನ್ ಎಂಜಿನ್. ತಯಾರಿಕೆಗೆ ಬಂದ ಮಿಗ್-15ಕ್ಕೆ ಅದರ ಸೋವಿಯತ್ ನಕಲು, ಆರ್‌ಡಿ-45. ಮೂಗಿನ ಕೆಳಗೆ ಒಂದು 37 ಮಿ.ಮೀ., ಎರಡು 23 ಮಿ.ಮೀ. ಫಿರಂಗಿಗಳು. ಮೂರೂ ಒಂದೇ ತಟ್ಟೆಯಲ್ಲಿ. ಬಾವಿಗೆ ಕೊಡ ಬಿಟ್ಟ ಹಾಗೆ ತಟ್ಟೆಯನ್ನೇ ತಂತಿಯಲ್ಲಿ ಕೆಳಗಿಳಿಸಿ ಗುಂಡು ತುಂಬುತ್ತಿದ್ದರು.

1950ರಲ್ಲಿ ಬಂದದ್ದು ಮಿಗ್-15 ಬಿಸ್. ಬಿಸ್ ಅಂದರೆ ‘ಇನ್ನೊಮ್ಮೆ’. ಹೊರಗಿನಿಂದ ನೋಡಿದರೆ ಅದೇ ವಿಮಾನ, ಎಂಜಿನ್ ಬೇರೆ. ಸೋವಿಯತ್ ಎಂಜಿನ್ ವಿನ್ಯಾಸಕ ಕ್ಲಿಮೋವ್‌ರ ತಂಡ ನೀನ್‌ನ ಒಳಗನ್ನು ಹಿಗ್ಗಿಸಿ ವಿಕೆ-1 ಮಾಡಿತ್ತು. ನೂಕುಬಲ ಸುಮಾರು 2270 ಕೆಜಿಯಿಂದ 2700ಕ್ಕೆ ಏರಿತು. ಹಾಗಾದರೆ ವೇಗವೂ ಅಷ್ಟೇ ಏರಬೇಕಿತ್ತು, ಅಲ್ವಾ? ಇಲ್ಲ. ಗಂಟೆಗೆ 1076 ಕಿ.ಮೀ. ಹತ್ತಿರ ನಿಂತಿತು. ರೆಕ್ಕೆ ಹಳೆಯದೇ, ಹಾಗಾಗಿ ಆಘಾತ ಅಲೆಯ ಗೋಡೆಯೂ ಹಳೆಯದೇ. ಮ್ಯಾಕ್ 0.92, ಅಂದರೆ ಶಬ್ದದ ವೇಗದ ಶೇ. 92, ಮುಟ್ಟಿದರೆ ಗಾಳಿಗೆ ಅಡ್ಡ ನಿಂತು ವೇಗ ತಗ್ಗಿಸುವ ಏರ್‌ಬ್ರೇಕ್‌ಗಳು ತಾವಾಗಿಯೇ ತೆರೆದುಕೊಳ್ಳುವಂತೆ ಇಟ್ಟಿದ್ದರು. ಹೆಚ್ಚಿದ ಶಕ್ತಿ ಕಂಡದ್ದು ಮೇಲೇರುವುದರಲ್ಲಿ. ಕೊರಿಯಾ ಯುದ್ಧದಲ್ಲಿ ಅಮೆರಿಕದ ಸೇಬರ್ ಯುದ್ಧ ವಿಮಾನಗಳಿಗೆ ಎಟುಕದ ಎತ್ತರದಲ್ಲಿ ಹೊಂಚು ಹಾಕಿ, ಬೇಕೆಂದಾಗ ಎರಗಲು ಇದೇ ಆಸರೆ.

ಯುದ್ಧ ನಿಂತ ಮೇಲೆ, 1953ರ ಸೆಪ್ಟೆಂಬರ್ 21ರಂದು, ಉತ್ತರ ಕೊರಿಯಾದ ಪೈಲಟ್ ನೋ ಕುಮ್-ಸೊಕ್ ತನ್ನ ಬಿಸ್ ಅನ್ನು ಸೀದಾ ದಕ್ಷಿಣದ ಕಿಂಪೊ ನಿಲ್ದಾಣದಲ್ಲಿ ಇಳಿಸಿದರು. ಅಮೆರಿಕನ್ನರು ಅದನ್ನು ಒಕಿನಾವಾಕ್ಕೆ ಒಯ್ದರು. ಹಾರಿಸಿ ನೋಡಿದವರಲ್ಲಿ ಅಮೆರಿಕದ ಹೆಸರಾಂತ ಪರೀಕ್ಷಾ ಪೈಲಟ್ ಚಕ್ ಯೇಗರ್ ಕೂಡ ಒಬ್ಬರು. ಆ ವಿಮಾನ ಈಗ ಓಹಾಯೊದ ಡೇಟನ್ ಮ್ಯೂಸಿಯಂನಲ್ಲಿದೆ, ತಗಡಿನ ನಾಲ್ಕು ಬೇಲಿಗಳ ಸಮೇತ.