ಗೆಲ್ಲಬಾರದಾಗಿದ್ದ ಅಭ್ಯರ್ಥಿ

ಬೆಂಕಿಪೊಟ್ಟಣದ ರಟ್ಟಿನ ಒಳಮಗ್ಗುಲಲ್ಲಿ ಗೀಚಿದ ಒಂದು ಮಾತು: ನೀನು ಸೋಲ್ತೀಯ. ಚುನಾವಣೆಗೆ ನಿಲ್ಲು ಅಂತ ಕೇಳಲು ಬಂದವನೇ ಅಭ್ಯರ್ಥಿಗೆ ಬರೆದುಕೊಟ್ಟ ಗ್ಯಾರಂಟಿ ಇದು. 1972ರಲ್ಲಿ ಬಂದ 'ದಿ ಕ್ಯಾಂಡಿಡೇಟ್' ಅನ್ನೋ ಅಮೆರಿಕನ್ ಸಿನಿಮಾದ ಕಥೆಯೆಲ್ಲ ಈ ವಿಚಿತ್ರ ಒಪ್ಪಂದದ ಮೇಲೆ ನಿಂತಿದೆ.

ಕ್ಯಾಲಿಫೋರ್ನಿಯಾದ ಸೆನೆಟ್ ಸೀಟು. ಮೂರು ಸಲ ಗೆದ್ದ ರಿಪಬ್ಲಿಕನ್ ಕ್ರಾಕರ್ ಜಾರ್ಮನ್ ಮತ್ತೆ ಕಣದಲ್ಲಿದ್ದಾನೆ. ಅವನೆದುರು ನಿಂತು ಹೆಸರು ಕೆಡಿಸಿಕೊಳ್ಳಲು ಡೆಮಾಕ್ರಟಿಕ್ ಪಕ್ಷದ ಯಾವ ದೊಡ್ಡ ತಲೆಯೂ ತಯಾರಿಲ್ಲ. ಆಗ ಪ್ರಚಾರ ನಡೆಸುವುದನ್ನೇ ಕಸುಬು ಮಾಡಿಕೊಂಡ ಮಾರ್ವಿನ್ ಲೂಕಸ್ ಎಂಬಾತ ಬಿಲ್ ಮೆಕೇ ಅನ್ನೋ ಯುವ ವಕೀಲನನ್ನು ಹುಡುಕಿಕೊಂಡು ಬರುತ್ತಾನೆ. ಮೆಕೇ ಬಡವರ ಕೇಸು ನಡೆಸುವವನು. ಅಪ್ಪ ಮಾಜಿ ಗವರ್ನರ್, ಪಕ್ಕಾ ಹಳೇ ಕಾಲದ ರಾಜಕಾರಣಿ. ಮಗನಿಗೆ ಅಪ್ಪನ ರಾಜಕೀಯ ಕಂಡರೆ ಆಗದು. ಲೂಕಸ್ ಕೊಡುವ ಆಸೆ ಸರಳ. ಹೇಗೂ ಸೋಲ್ತೀಯ, ಅಂದಮೇಲೆ ನಿನಗೆ ಅನ್ನಿಸಿದ್ದನ್ನು ಅನ್ನಿಸಿದ ಹಾಗೇ ಹೇಳಬಹುದು. ಆದರ್ಶ ಇಟ್ಟುಕೊಂಡವನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕಾ?

ಮೆಕೇ ಪಾತ್ರ ಮಾಡಿದವರು ರಾಬರ್ಟ್ ರೆಡ್‌ಫರ್ಡ್. ಲೂಕಸ್ ಆಗಿ ಪೀಟರ್ ಬಾಯ್ಲ್. ನಿರ್ದೇಶನ ಮೈಕಲ್ ರಿಚಿ. ಬರೆದವರು ಜೆರೆಮಿ ಲಾರ್ನರ್. ಈ ಚಿತ್ರಕಥೆಗೆ ಆಸ್ಕರ್ ಬಂತು.

ಸಿನಿಮಾದ ಶುರುವಿನಲ್ಲಿ ಮೆಕೇಗೆ ಪತ್ರಕರ್ತರು ಪ್ರಶ್ನೆ ಹಾಕುತ್ತಾರೆ. ಗರ್ಭಪಾತದ ಹಕ್ಕಿನ ಪರ ಇದ್ದೇನೆ ಅಂತ ನೇರವಾಗಿ ಹೇಳಿಬಿಡುತ್ತಾನೆ. ಗೊತ್ತಿಲ್ಲದ ವಿಷಯ ಬಂದರೆ ಗೊತ್ತಿಲ್ಲ ಅಂತಲೇ ಹೇಳುತ್ತಾನೆ. ಗರ್ಭಪಾತದ ಹಕ್ಕನ್ನು ದೇಶವಿಡೀ ಒಪ್ಪಿದ ಸುಪ್ರೀಂ ಕೋರ್ಟಿನ ರೋ ತೀರ್ಪು ಬಂದಿದ್ದು 1973ರ ಜನವರಿಯಲ್ಲಿ. ಅದಕ್ಕೆ ಮುಂಚಿನ ಮಾತಿದು. ಮುಂದೆ ಇದೇ ವಿಷಯ ಬಂದಾಗ, ಇನ್ನೂ ಅಧ್ಯಯನ ಆಗಬೇಕು ಅನ್ನುವ ಧಾಟಿಯ ಉತ್ತರವನ್ನು ಅವನ ಬಾಯಿಗೆ ತುರುಕುತ್ತಾರೆ. ಯಾರೂ ಅವನಿಗೆ ನಿನ್ನ ನಿಲುವು ಬದಲಿಸು ಅನ್ನುವುದಿಲ್ಲ, ಗಮನಿಸಿ. ಸ್ವಲ್ಪ ಮೆತ್ತಗೆ ಹೇಳು, ಅಷ್ಟೇ. ಇವತ್ತು ಇಲ್ಲೊಂದು ಪದ, ನಾಳೆ ಅಲ್ಲೊಂದು ಪದ. ರಾಜಿ ಅಂದಕೂಡಲೇ ನಮಗೆ ಕತ್ತಲ ಕೋಣೆ, ದುಡ್ಡಿನ ಚೀಲ ನೆನಪಾಗುತ್ತದೆ ಅಲ್ವಾ? ಈ ಸಿನಿಮಾದಲ್ಲಿ ಚೀಲವೇ ಇಲ್ಲ. ಬರೀ ಕಂತುಗಳು.

ಮಾತು ಮುರಿಯುವ ಕ್ಷಣವೂ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಪಕ್ಷದೊಳಗಿನ ಪ್ರಾಥಮಿಕ ಚುನಾವಣೆ ಗೆದ್ದ ರಾತ್ರಿಯೇ ಲೂಕಸ್ ಲೆಕ್ಕ ಮುಂದಿಡುತ್ತಾನೆ. ಹೀಗೇ ಹೋದರೆ ಸೋಲುವುದಷ್ಟೇ ಅಲ್ಲ, ಹೀನಾಯವಾಗಿ ಸೋಲ್ತೀಯ, ಜನ ನಗುತ್ತಾರೆ. ಸೋಲಲು ಒಪ್ಪಿದ್ದ ಮೆಕೇ ಮಾನ ಕಳೆದುಕೊಳ್ಳಲು ಒಪ್ಪಿರಲಿಲ್ಲ. ಅಲ್ಲಿಂದಾಚೆಗೆ ಬೆಂಕಿಪೊಟ್ಟಣದ ಗ್ಯಾರಂಟಿಗೆ ಬೆಲೆಯಿಲ್ಲ. 'ಮೆಕೇ: ಇದಕ್ಕಿಂತ ಒಳ್ಳೆ ದಾರಿ' ಅನ್ನೋ ಅರ್ಥದ ಘೋಷಣೆ ಎಲ್ಲ ಕಡೆ ಅಂಟುತ್ತದೆ. ಯಾವುದಕ್ಕಿಂತ ಒಳ್ಳೇದು, ಎಲ್ಲಿಗೆ ಹೋಗೋ ದಾರಿ? ಕೇಳಬೇಡಿ.

ಮಾಲಿಬುವಿನಲ್ಲಿ ಕಾಡ್ಗಿಚ್ಚು ಬಿದ್ದ ದೃಶ್ಯ ಒಂದಿದೆ. ಮೆಕೇ ಅಲ್ಲಿಗೆ ಹೋಗಿ ಟಿವಿ ಕ್ಯಾಮೆರಾಗಳ ಮುಂದೆ ಮಾತಿಗೆ ನಿಲ್ಲುತ್ತಾನೆ. ಅಷ್ಟರಲ್ಲಿ ಜಾರ್ಮನ್ ಹೆಲಿಕಾಪ್ಟರಿನಲ್ಲಿ ಇಳಿಯುತ್ತಾನೆ. ಕ್ಯಾಮೆರಾಗಳೆಲ್ಲ ಅತ್ತ ತಿರುಗುತ್ತವೆ. ವಾಷಿಂಗ್ಟನ್ನಿನಲ್ಲಿ ಮಸೂದೆ ತರುತ್ತೇನೆ ಅಂತ ಜಾರ್ಮನ್ ಘೋಷಿಸುತ್ತಾನೆ. ಮೆಕೇ ಸುಮ್ನೆ ನಿಂತು ನೋಡುತ್ತಾನೆ. ಅಧಿಕಾರದಲ್ಲಿ ಇರುವವನಿಗೆ ಬೆಂಕಿ ಕೂಡ ಪ್ರಚಾರವಾಗುತ್ತದೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಕಾರಿನ ದೃಶ್ಯ. ಪ್ರಚಾರ ಮುಗಿಯುತ್ತ ಬಂದಿದೆ. ದಣಿದ ಮೆಕೇ ಹಿಂದಿನ ಸೀಟಿನಲ್ಲಿ ಕೂತು ತನ್ನದೇ ಭಾಷಣದ ಸಾಲುಗಳನ್ನು ಕಲಸಿ, ತಿರುಚಿ, ಹುಚ್ಚನ ಹಾಗೆ ಒದರುತ್ತಾನೆ. ದಿನಕ್ಕೆ ಹತ್ತಾರು ಸಲ ಹೇಳಿ ಹೇಳಿ ಆ ಪದಗಳಲ್ಲಿ ಅರ್ಥವೇ ಉಳಿದಿಲ್ಲ. ನಗು ಬರುತ್ತದೆ. ಆಮೇಲೆ ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಈಗ ಪ್ರಶ್ನೆ, ಲೂಕಸ್‌ನಂಥವನು ಎಲ್ಲಿಂದ ಬಂದ? ಪಕ್ಷದ ಪದಾಧಿಕಾರಿಯಲ್ಲ, ಜನಪ್ರತಿನಿಧಿಯಲ್ಲ. ಆದರೂ ಅಭ್ಯರ್ಥಿ ಯಾರು, ಅವನ ಕೂದಲು ಎಷ್ಟುದ್ದ ಇರಬೇಕು ಅನ್ನೋದನ್ನೆಲ್ಲ ತೀರ್ಮಾನಿಸುವವನು ಅವನೇ. ಕಥೆ ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಕ್ಕೆ ಹಾಲಿವುಡ್ ಹತ್ತಿರ ಅನ್ನೋದಷ್ಟೇ ಕಾರಣವಲ್ಲ. ಈ ಕಸುಬು ಹುಟ್ಟಿದ್ದೇ ಅಲ್ಲಿ. ಅದೂ ರಾಜಕೀಯ ಶುದ್ಧ ಮಾಡಲು ಹೊರಟವರ ಕೈಯಿಂದ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಸದರ್ನ್ ಪೆಸಿಫಿಕ್ ಅನ್ನೋ ರೈಲ್ವೆ ಕಂಪನಿ ಕ್ಯಾಲಿಫೋರ್ನಿಯಾದ ಪಕ್ಷಗಳನ್ನು ಜೇಬಿನಲ್ಲಿ ಇಟ್ಟುಕೊಂಡಿತ್ತು. ಆ ಹಿಡಿತ ಬಿಡಿಸುತ್ತೇನೆ ಅಂತ ಹೇಳಿ ಹೈರಮ್ ಜಾನ್ಸನ್ 1910ರಲ್ಲಿ ಗವರ್ನರ್ ಆಗಿ ಗೆದ್ದರು. ಗೆದ್ದು ನುಡಿದಂತೆ ನಡೆದರು ಕೂಡ. 1911ರಲ್ಲಿ ಜನರೇ ಕಾನೂನು ಸೂಚಿಸಿ ಮತ ಹಾಕುವ ಪದ್ಧತಿ ಬಂತು. 1913ರಲ್ಲಿ ಇನ್ನೊಂದು ನಿಯಮ ಸೇರಿತು. ಒಬ್ಬನೇ ಅಭ್ಯರ್ಥಿ ಎರಡೂ ಪಕ್ಷಗಳ ಪ್ರಾಥಮಿಕ ಚುನಾವಣೆಗೆ ನಿಲ್ಲಬಹುದು! ಇದು 1959ರವರೆಗೆ ಇತ್ತು. 1946ರಲ್ಲಿ ಅರ್ಲ್ ವಾರನ್ ಎರಡೂ ಪಕ್ಷಗಳ ಅಭ್ಯರ್ಥಿಯಾಗಿ ಗವರ್ನರ್ ಸ್ಥಾನ ಗೆದ್ದಿದ್ದು ಹೀಗೇ.

ಉದ್ದೇಶ ಒಳ್ಳೆಯದೇ. ಆದರೆ ಪಕ್ಷದ ಬೆನ್ನೆಲುಬು ಮುರಿಯಿತು. ಬೇರೆ ಕಡೆ ಬೀದಿಬೀದಿಗೆ ಪಕ್ಷದ ಆಳುಗಳಿದ್ದರು. ಅವರು ಮನೆಮನೆ ತಟ್ಟಿ ಮತದಾರರನ್ನು ಕರೆತರುತ್ತಿದ್ದರು. ಇಲ್ಲಿ ಆ ಜಾಗ ಖಾಲಿಯಾಯಿತು. ಊರು ದೊಡ್ಡದು, ಹೊಸಬರು ದಿನಾ ಬಂದು ಸೇರುತ್ತಿದ್ದಾರೆ, ಅಭ್ಯರ್ಥಿ ಒಬ್ಬನೇ. ಜನರನ್ನು ಮುಟ್ಟುವುದು ಹೇಗೆ? ದುಡ್ಡು ಕೊಟ್ಟರೆ ಮುಟ್ಟಿಸುತ್ತೇವೆ ಅನ್ನೋ ಗುತ್ತಿಗೆದಾರರು ಬಂದರು.

ಮೊದಲು ಬಂದವರು ಕ್ಲೆಮ್ ವಿಟೇಕರ್ ಮತ್ತು ಲಿಯೋನ್ ಬ್ಯಾಕ್ಸ್‌ಟರ್. 1933ರಲ್ಲಿ ಇಬ್ಬರೂ ಸೇರಿ ಕ್ಯಾಂಪೇನ್ಸ್ ಇಂಕ್ ಅನ್ನೋ ಕಂಪನಿ ತೆರೆದರು. ರಾಜಕೀಯ ಪ್ರಚಾರವನ್ನೇ ವ್ಯಾಪಾರ ಮಾಡಿಕೊಂಡ ಮೊದಲ ಕಂಪನಿ ಅಂತ ಇದನ್ನು ಗುರುತಿಸುತ್ತಾರೆ. ಅದೇ ವರ್ಷ ಒಂದು ನೀರಾವರಿ ಯೋಜನೆಯ ಮತದಾನದಲ್ಲಿ ಪಿಜಿ ಆ್ಯಂಡ್ ಇ ಅನ್ನೋ ದೈತ್ಯ ವಿದ್ಯುತ್ ಕಂಪನಿಯನ್ನೇ ಇವರು ಸೋಲಿಸಿದರು. ಸೋತ ಕಂಪನಿ ಏನು ಮಾಡಿತು? ಇವರನ್ನೇ ಸಂಬಳ ಕೊಟ್ಟು ಇಟ್ಟುಕೊಂಡಿತು.

1934ರಲ್ಲಿ ಅಪ್ಟನ್ ಸಿಂಕ್ಲೇರ್ ಗವರ್ನರ್ ಸ್ಥಾನಕ್ಕೆ ನಿಂತರು. ಕಾದಂಬರಿಕಾರ, ಬಹುಕಾಲ ಸಮಾಜವಾದಿ. ಕ್ಯಾಲಿಫೋರ್ನಿಯಾದಲ್ಲಿ ಬಡತನ ಕೊನೆಗಾಣಿಸುತ್ತೇನೆ ಅನ್ನೋದೇ ಅವರ ಕಾರ್ಯಕ್ರಮದ ಹೆಸರು. ಆರ್ಥಿಕ ಕುಸಿತದ ಕಾಲ, ಜನ ಮುಗಿಬಿದ್ದರು. ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆ ಗೆದ್ದೇಬಿಟ್ಟರು. ಆಗ ವಿಟೇಕರ್ ಮತ್ತು ಬ್ಯಾಕ್ಸ್‌ಟರ್ ಕೂತು ಸಿಂಕ್ಲೇರ್ ಬರೆದ ಪುಸ್ತಕಗಳನ್ನೆಲ್ಲ ಓದಿದರು. ಪಾತ್ರಗಳ ಬಾಯಲ್ಲಿದ್ದ ಖಾರದ ಮಾತುಗಳನ್ನು ಹೆಕ್ಕಿದರು. ಅವೆಲ್ಲ ಸಿಂಕ್ಲೇರ್ ಅವರದೇ ಅಭಿಪ್ರಾಯಗಳೆಂಬಂತೆ ಲಾಸ್ ಏಂಜಲೀಸ್ ಟೈಮ್ಸ್ ಮೊದಲ ಪುಟದಲ್ಲಿ ದಿನಾ ಒಂದು ಚೌಕದೊಳಗೆ ಬಂದವು. ಕಾದಂಬರಿಕಾರ ಚುನಾವಣೆಗೆ ನಿಂತರೆ ಏನಾಗುತ್ತದೆ ಅಂತ ಕೇಳುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಎಂಜಿಎಂ ಸ್ಟುಡಿಯೊ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಇರ್ವಿಂಗ್ ಥಾಲ್‌ಬರ್ಗ್ ಸುದ್ದಿಚಿತ್ರದ ವೇಷದಲ್ಲಿ ಪ್ರಚಾರ ಚಿತ್ರಗಳನ್ನು ಮಾಡಿಸಿದರು. ಸಿಂಕ್ಲೇರ್ ಗೆದ್ದರೆ ಪುಕ್ಕಟೆ ಊಟ ಸಿಗುತ್ತದೆ ಅಂತ ದೇಶದ ಅಲೆಮಾರಿಗಳೆಲ್ಲ ಕ್ಯಾಲಿಫೋರ್ನಿಯಾಕ್ಕೆ ನುಗ್ಗುತ್ತಿದ್ದಾರೆ ಅನ್ನೋ ಹೆದರಿಕೆಯನ್ನು ಅವು ಥಿಯೇಟರುಗಳಲ್ಲಿ ಬಿತ್ತಿದವು. ಸಿಂಕ್ಲೇರ್‌ಗೆ ಸುಮಾರು 8.8 ಲಕ್ಷ ಮತ ಬಂತು. ಆದರೂ ಫ್ರಾಂಕ್ ಮೆರಿಯಮ್ ಎದುರು ಸೋತರು.

ವಿವರಿಸಲು ಹೋಗಬೇಡಿ, ವಿವರಿಸಿದಷ್ಟೂ ಬೆಂಬಲ ಕಷ್ಟ ಅನ್ನೋದು ವಿಟೇಕರ್-ಬ್ಯಾಕ್ಸ್‌ಟರ್ ಜೋಡಿಯ ಪಾಠಗಳಲ್ಲಿ ಒಂದು. ಸಿನಿಮಾದ ಮೆಕೇ ಟಿವಿ ಜಾಹೀರಾತಿನ ಕತ್ತರಿ ಕೆಲಸ ನೋಡುತ್ತ ಕಲಿಯುವುದೂ ಇದನ್ನೇ. ಚಿಕಿತ್ಸಾಲಯದಲ್ಲಿ ಬಡ ತಾಯಂದಿರ ಜೊತೆ ಅವನು ಆಡಿದ ಉದ್ದನೆಯ ಮಾತು ಜಾಹೀರಾತಿಗೆ ಹೊಂದುವುದಿಲ್ಲ. ಅವನ ಮುಖ ಹೊಂದುತ್ತದೆ.

ಮುಖದ ಕಾಲ ಶುರುವಾಗಿದ್ದು ಟಿವಿಯಿಂದ. 1952ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತ ಜನರಲ್ ಐಸನ್‌ಹೋವರ್ ಜಾಹೀರಾತುಗಳನ್ನು ಮಾಡಿದ್ದು ರೋಸರ್ ರೀವ್ಸ್. ಎಂ ಆ್ಯಂಡ್ ಎಂ ಚಾಕೊಲೇಟಿಗೆ ಘೋಷಣೆ ಕೊಟ್ಟ ಅದೇ ರೀವ್ಸ್. ಜನಸಾಮಾನ್ಯರು ಪ್ರಶ್ನೆ ಕೇಳುತ್ತಾರೆ, ಜನರಲ್ ಉತ್ತರ ಕೊಡುತ್ತಾರೆ. ನಿಜದಲ್ಲಿ ಉತ್ತರಗಳನ್ನು ಮೊದಲೇ ಸ್ಟುಡಿಯೊದಲ್ಲಿ ಚಿತ್ರೀಕರಿಸಿದ್ದರು. ಪ್ರಶ್ನೆ ಕೇಳುವವರನ್ನು ಆಮೇಲೆ ನ್ಯೂಯಾರ್ಕ್‌ಗೆ ಬಂದ ಪ್ರವಾಸಿಗರ ಗುಂಪಿನಿಂದ ಆರಿಸಿ ತಂದರು. 1960ರ ಕೆನಡಿ-ನಿಕ್ಸನ್ ಟಿವಿ ಚರ್ಚೆಯಲ್ಲೂ ಮಾತಿಗಿಂತ ಮುಖವೇ ಗೆದ್ದಿತು ಅಂತಾರೆ. 1966ರಲ್ಲಿ ನಟ ರೊನಾಲ್ಡ್ ರೇಗನ್ ಕ್ಯಾಲಿಫೋರ್ನಿಯಾದ ಗವರ್ನರ್ ಚುನಾವಣೆ ಗೆದ್ದರು. ಅವರ ಹಿಂದೆ ಸ್ಪೆನ್ಸರ್-ರಾಬರ್ಟ್ಸ್ ಅನ್ನೋ ಪ್ರಚಾರ ಕಂಪನಿ. ಸೋತವರು ಪ್ಯಾಟ್ ಬ್ರೌನ್. ಅವರ ಮಗ ಜೆರಿ ಬ್ರೌನ್, ಅಪ್ಪನಿಗಿಂತ ಬೇರೆಯೇ ಧಾಟಿಯ ಯುವಕ. ಹಳೇ ಗವರ್ನರ್‌ನ ಮುನಿಸಿಕೊಂಡ ಮಗ ಅನ್ನೋ ಮೆಕೇ ಪಾತ್ರ ನೋಡಿದ ಕ್ಯಾಲಿಫೋರ್ನಿಯಾದವರಿಗೆ ಯಾರ ನೆನಪು ಬಂದಿರಬೇಕು, ಊಹಿಸಿ.

ಇನ್ನು ಲಾರ್ನರ್. ಈ ಸಿನಿಮಾದ ಕಹಿ ಎಲ್ಲಿಂದ ಬಂತು ಅನ್ನೋದಕ್ಕೆ ಅವರ 1968ನ್ನು ನೋಡಬೇಕು. ವಿಯೆಟ್ನಾಂ ಯುದ್ಧ ವಿರೋಧಿಸಿ ಸೆನೆಟರ್ ಯೂಜೀನ್ ಮೆಕಾರ್ತಿ ತಮ್ಮದೇ ಡೆಮಾಕ್ರಟಿಕ್ ಪಕ್ಷದವರಾದ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ವಿರುದ್ಧ ನಿಂತರು. ಕಾಲೇಜು ಹುಡುಗರು ಗಡ್ಡ ಬೋಳಿಸಿ, ನೀಟಾಗಿ ತಲೆ ಬಾಚಿಕೊಂಡು ನ್ಯೂ ಹ್ಯಾಂಪ್‌ಶೈರ್‌ನ ಚಳಿಯಲ್ಲಿ ಮನೆಮನೆ ಸುತ್ತಿದರು. ಮಾರ್ಚ್ 12ರಂದು ಮೆಕಾರ್ತಿಗೆ ಶೇ. 42 ಮತ ಬಂತು. ಗೆದ್ದದ್ದು ಜಾನ್ಸನ್ನೇ. ಆದರೂ ತಿಂಗಳ ಕೊನೆಗೆ ತಾವು ಮತ್ತೆ ನಿಲ್ಲುವುದಿಲ್ಲ ಅಂದುಬಿಟ್ಟರು. ಮೆಕಾರ್ತಿಯ ಭಾಷಣ ಬರೆಯುತ್ತಿದ್ದವರಲ್ಲಿ ಲಾರ್ನರ್ ಒಬ್ಬರು. ಜೂನ್‌ನಲ್ಲಿ ಅದೇ ಟಿಕೆಟ್ಟಿಗೆ ಹೊರಟಿದ್ದ ರಾಬರ್ಟ್ ಕೆನಡಿ ಕೊಲೆಯಾಯಿತು. ಆಗಸ್ಟಿನಲ್ಲಿ ಪಕ್ಷದ ಶಿಕಾಗೊ ಅಧಿವೇಶನದ ಹೊರಗೆ ಪೊಲೀಸರ ಲಾಠಿ. ಒಳಗೆ ಒಂದೂ ಪ್ರಾಥಮಿಕ ಚುನಾವಣೆಗೆ ನಿಲ್ಲದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಗೆ ಟಿಕೆಟ್. ಲಾರ್ನರ್ ಆಮೇಲೆ ಬರೆದ ಪುಸ್ತಕದಲ್ಲಿ ತಮ್ಮ ನಾಯಕನ ಬಗ್ಗೆಯೇ ಅತೃಪ್ತಿ ತೋಡಿಕೊಂಡರು. ವಿಡಂಬನೆ ಬರೆಯುವವರಲ್ಲಿ ಜಾಸ್ತಿ ಜನ ಒಂದು ಕಾಲದಲ್ಲಿ ನಂಬಿದವರೇ ಆಗಿರುತ್ತಾರೆ ಅನ್ನೋದು ನನ್ನ ಅನಿಸಿಕೆ.

ನಿರ್ದೇಶಕ ರಿಚಿ ಕೂಡ ಹೊರಗಿನವರಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದ ಸೆನೆಟ್ ಚುನಾವಣೆಯಲ್ಲಿ ಜಾನ್ ಟನಿ ಪರ ಕೆಲಸ ಮಾಡಿದ್ದರು. ಟನಿ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಜೀನ್ ಟನಿಯ ಮಗ. ಚೆಲುವ, ಕೆನಡಿ ಮನೆಯವರ ಸ್ನೇಹಿತ. ಎದುರಾಳಿ ಜಾರ್ಜ್ ಮರ್ಫಿ ಒಂದು ಕಾಲದ ಹಾಡು-ಕುಣಿತದ ಸಿನಿಮಾ ನಟ. ಟನಿ ಗೆದ್ದರು. ಟನಿ ಪ್ರಚಾರ ನಡೆಸಿದ್ದ ನೆಲ್ಸನ್ ರೈಸಿಂಗ್ ಈ ಸಿನಿಮಾದ ತಂಡದಲ್ಲೂ ಸೇರಿಕೊಂಡರು. ಸಿನಿಮಾ ಸಾಕ್ಷ್ಯಚಿತ್ರದ ಹಾಗೆ ಕಾಣುವುದಕ್ಕೆ ಇದೂ ಒಂದು ಕಾರಣ. ಹಂಫ್ರಿ, ಜಾರ್ಜ್ ಮೆಗವರ್ನ್ ಥರದ ನಿಜವಾದ ರಾಜಕಾರಣಿಗಳೂ ಪರದೆ ಮೇಲೆ ಬಂದುಹೋಗುತ್ತಾರೆ.

ಸಿನಿಮಾ ಬಿಡುಗಡೆಯಾಗಿದ್ದು 1972ರ ಜೂನ್ 29. ಅದಕ್ಕೆ 12 ದಿನ ಮುಂಚೆ ಡೆಮಾಕ್ರಟಿಕ್ ಪಕ್ಷದ ಕಚೇರಿ ಇದ್ದ ವಾಟರ್‌ಗೇಟ್ ಕಟ್ಟಡದಲ್ಲಿ ಐದು ಜನ ಕಳ್ಳರು ಸಿಕ್ಕಿಬಿದ್ದಿದ್ದರು. ಅದು ಅಧ್ಯಕ್ಷ ನಿಕ್ಸನ್ ರಾಜೀನಾಮೆಯವರೆಗೆ ಹೋಗಿ ಮುಟ್ಟುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ವಾಟರ್‌ಗೇಟ್ ಹಗರಣದ ಮುಂದೆ ಈ ಸಿನಿಮಾದ ರಾಜಿಗಳು ತೀರಾ ಸಾಧು ಅನ್ನಿಸುತ್ತವೆ. ಇಲ್ಲಿ ಯಾರೂ ಕಾನೂನು ಮುರಿಯುವುದೇ ಇಲ್ಲ. ನನಗೆ ಸಿನಿಮಾ ಇವತ್ತಿಗೂ ಹಳತಾಗಿಲ್ಲ ಅನ್ನಿಸುವುದು ಅದಕ್ಕೇ. ಹಗರಣ ಆದರೆ ತನಿಖೆ ಮಾಡಬಹುದು, ಕಾನೂನು ತರಬಹುದು. 1974ರಲ್ಲಿ ಅಮೆರಿಕ ದೇಣಿಗೆಗೂ ಖರ್ಚಿಗೂ ಮಿತಿ ಹಾಕಿತು. ಖರ್ಚಿನ ಮಿತಿಯನ್ನು 1976ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಅದೇನೇ ಇರಲಿ, ಮೆತ್ತಗೆ ಹೇಳು ಅನ್ನೋದಕ್ಕೆ ಯಾವ ಸೆಕ್ಷನ್ ಹಾಕುವುದು?

ಕೊನೆಯಲ್ಲಿ ಮೆಕೇ ಗೆಲ್ಲುತ್ತಾನೆ. ಗೆಲುವು ಹತ್ತಿರ ಬಂದಾಗ ಅಪ್ಪ ನಗುತ್ತ, ನೀನೀಗ ರಾಜಕಾರಣಿ ಆದೆ ಮಗನೇ ಅನ್ನುತ್ತಾನೆ. ಮಗನಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಗೆದ್ದ ರಾತ್ರಿ ಗದ್ದಲದ ನಡುವೆ ಲೂಕಸ್‌ನನ್ನು ಹೋಟೆಲ್ ಕೋಣೆಯೊಂದಕ್ಕೆ ಎಳೆದುಕೊಂಡು ಹೋಗಿ, ಈಗೇನು ಮಾಡೋಣ ಅಂತ ಕೇಳುತ್ತಾನೆ. ಉತ್ತರ ಬರುವ ಮೊದಲೇ ಜನ ಬಾಗಿಲು ತಳ್ಳಿಕೊಂಡು ನುಗ್ಗುತ್ತಾರೆ. ಲೂಕಸ್ ಬಳಿ ಉತ್ತರ ಇತ್ತು ಅಂತ ನನಗಂತೂ ಅನ್ನಿಸುವುದಿಲ್ಲ. ಅವನ ಕೆಲಸ ಅಲ್ಲಿಗೆ ಮುಗಿದಿತ್ತು.

ನಿಜ ಜೀವನದ ಪಾತ್ರಗಳು ಆಮೇಲೂ ಆಟ ಮುಂದುವರಿಸಿದರು. ಟನಿ ಒಂದೇ ಅವಧಿಗೆ ಮುಗಿದರು. 1976ರಲ್ಲಿ ಮೊದಲು ಯುದ್ಧ ವಿರೋಧಿ ಹೋರಾಟಗಾರ ಟಾಮ್ ಹೇಡನ್ ಪಕ್ಷದೊಳಗೇ ಸವಾಲು ಹಾಕಿದರು. ನವೆಂಬರ್‌ನಲ್ಲಿ ಭಾಷಾಶಾಸ್ತ್ರದ ಪ್ರೊಫೆಸರ್ ಹಯಾಕಾವಾ ಸೋಲಿಸಿದರು. ಜೆರಿ ಬ್ರೌನ್ 1975ರಲ್ಲಿ ಗವರ್ನರ್ ಆದರು. ಮುಂದೆ ರಾಜ್ಯದ ಪಕ್ಷದ ಅಧ್ಯಕ್ಷರಾಗಿ ದೇಣಿಗೆ ಎತ್ತಿದರು. ಆ ಕುರ್ಚಿ ಬಿಟ್ಟು 1992ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನದ ಟಿಕೆಟ್ಟಿಗೆ ಹೊರಟಾಗ, ಒಬ್ಬರಿಂದ 100 ಡಾಲರ್‌ಗಿಂತ ಜಾಸ್ತಿ ಮುಟ್ಟುವುದಿಲ್ಲ ಅಂದರು. ಬಿಲ್ ಕ್ಲಿಂಟನ್ ಎದುರು ಸೋತರು. 2011ರಲ್ಲಿ ಮತ್ತೆ ಗವರ್ನರ್!

ಆದರೆ ಲಾರ್ನರ್ ಅವರಿಗೆ ಎಲ್ಲಕ್ಕಿಂತ ಚುಚ್ಚಿದ್ದು 1988. ಜಾರ್ಜ್ ಬುಷ್ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಇಂಡಿಯಾನಾದ ಯುವ ಸೆನೆಟರ್ ಡ್ಯಾನ್ ಕ್ವೇಲ್ ಅವರನ್ನು ಆರಿಸಿದರು. ನೋಡಲು ರೆಡ್‌ಫರ್ಡ್ ಥರ ಅನ್ನೋ ಮಾತು ಹಬ್ಬಿತು. ಈ ಸಿನಿಮಾ ಅವರಿಗೆ ಸ್ಫೂರ್ತಿಯಾಗಿತ್ತು ಅಂತಲೂ ಸುದ್ದಿಯಾಯಿತು. ಲಾರ್ನರ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದರು. ಕ್ವೇಲ್ ಅವರೇ, ಅದು ಹೇಗೆ ಮಾಡಬೇಕು ಅಂತ ಕಲಿಸುವ ಸಿನಿಮಾ ಅಲ್ಲ, ಹುಷಾರಾಗಿರಿ ಅಂತ ಹೇಳುವ ಸಿನಿಮಾ ಅನ್ನೋದು ಅದರ ತಿರುಳು. ನವೆಂಬರ್‌ನಲ್ಲಿ ಬುಷ್-ಕ್ವೇಲ್ ಜೋಡಿ 40 ರಾಜ್ಯ ಗೆದ್ದಿತು.